ಎತ್ತು ಒದ್ದ ದವಡೆ

ಉಡಚವ್ವ ಗಂಡನಿಗೆ ಒಳಲೆಯಲ್ಲಿ ಗಂಜಿ ಕುಡಿಸುತ್ತಿದ್ದಳು. ಕೂಸುಗಳಿಗೆ ಹಾಲು ಹಾಕುವ ಒಳಲೆ ಅದು. ಮೊಮ್ಮಗ ಬಿಟ್ಟ ಮೇಲೆ ಗುತ್ತೆಪ್ಪನ ಪಾಲಿಗೆ ಬಂದಿತ್ತು. ಅವನ ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡನ್ನೂ ಸೇರಿಸಿ ತಂತಿಯಿಂದ ಬಿಗಿದಿದ್ದರು. ಕಡೆಯ ಹಲ್ಲಿನ ಹಿಂದೆ ಉಳಿದ ಸಂದಿಯಲ್ಲಿ ಒಳಲೆಯ ಮೂತಿ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಬೇಕು. ಅರ್ಧ ಹೊಟ್ಟೆಗೆ, ಅರ್ಧ ಎದೆಯ ಮೇಲೆ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಗುತ್ತೆಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

ದವಡೆ ಮುರಿದದ್ದು ಎತ್ತು ಒದ್ದು. ಊರೆಲ್ಲ ಹಾಗೇ ಹೇಳುತ್ತಿತ್ತು. ಹಾಗೆ ಹೇಳಬೇಕೆಂದು ಊರಿಗೆ ಹೇಳಿದವರು ಮಲ್ಲೇಶಪ್ಪಗೌಡರು. ದವಡೆಗೆ ಗುದ್ದಿದವರೂ ಅವರೇ.

ಕೆರೆಯ ಕೆಳಗಿದ್ದ ಗೌಡರ ಹೊಲವನ್ನು ಗುತ್ತೆಪ್ಪ ಅಪ್ಪನ ಕಾಲದಿಂದ ಕೋರಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಗೌಡರ ಮನೆಗೆ. ಅಷ್ಟರಲ್ಲಿ ಉಳುವವನೇ ಒಡೆಯ ಎಂಬ ಕಾಯಿದೆ ಬಂತು. ಗುತ್ತೆಪ್ಪ ಅರ್ಜಿ ಹಾಕಿದ. ಗೌಡರು ಹೊಲಕ್ಕೇ ಬಂದರು.

“ಅರ್ಜಿ ಹಿಂದಕ್ಕ ತಗೋ.”

ಗುತ್ತೆಪ್ಪ ನೇಗಿಲು ನಿಲ್ಲಿಸಲಿಲ್ಲ. “ಒಲ್ಲೆರಿ” ಎಂದ.

ಉಂಗುರ ತೊಟ್ಟ ಕೈ ಬಿತ್ತು. ಅಕ್ಕಪಕ್ಕದಲ್ಲಿ ಮಣ್ಣಿನ ಹೆಂಟೆ ಒಡೆಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ನೋಡಿ, ಮತ್ತೆ ಬಗ್ಗಿ ಹೆಂಟೆ ಒಡೆದರು.

ಸರಕಾರಿ ದವಾಖಾನೆಗೆ ಹೋದರೆ ಪೊಲೀಸರು ಬರುತ್ತಾರೆ. ಗೌಡರು ತಮ್ಮ ಜೀಪು ತೆಗೆಸಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹುಬ್ಬಳ್ಳಿಯ ಖಾಸಗಿ ಡಾಕ್ಟರ ಹತ್ತಿರ ಹೋದರು. ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು.

ಡಾಕ್ಟರ ಬಾಗಿಲ ಮೇಲೆ ದೊಡ್ಡ ಬೋರ್ಡು. ಹಲ್ಲು ಕೀಳಲಾಗುವುದು. ಹೊಸ ಹಲ್ಲು ಕಟ್ಟಲಾಗುವುದು. ಸೀಳುತುಟಿ ಹೊಲಿಯಲಾಗುವುದು. ಬಾಯೊಳಗಿನ ಗಡ್ಡೆ ತೆಗೆಯಲಾಗುವುದು. ಮುರಿದ ದವಡೆ ಕೂಡಿಸಲಾಗುವುದು. ಗೌಡರು ಕೊನೆಯದನ್ನು ಗಟ್ಟಿಯಾಗಿ ಓದಿ, “ಇದ ಬೇಕಿತ್ತು ನಮಗ” ಎಂದರು.

“ಏನಾತು?” ಡಾಕ್ಟರು ಗುತ್ತೆಪ್ಪನನ್ನು ಕೇಳಿದರು.

“ಎತ್ತು ಒದೀತ್ರಿ,” ಗೌಡರು ಹೇಳಿದರು. “ನೇಗಿಲಾ ಹೊಡಿಯೂ ಮುಂದ.”

ಡಾಕ್ಟರು ಕೆನ್ನೆಯನ್ನು ದೀಪದ ಕಡೆ ತಿರುಗಿಸಿದರು. “ಸಾವಕಾರ ಎತ್ತು ಐತಿ ಬಿಡ್ರಿ. ಉಂಗರಾ ಹಾಕ್ಕೊಂಡೇತಿ.”

ಗೌಡರು ನಕ್ಕರು. ಡಾಕ್ಟರೂ ನಕ್ಕರು. ಉಡಚವ್ವನಿಗೆ ನಗು ಬರಲಿಲ್ಲ.

“ತಂತಿ ಹಾಕಿ ಬಿಗೀಬೇಕು. ಒಂದೂವರಿ ತಿಂಗಳ ಬಾಯಿ ತಗಿಯೂಹಂಗಿಲ್ಲ. ಮಾತೂ ಇಲ್ಲ.”

ಗೌಡರ ಮುಖ ಅರಳಿತು. ಅರ್ಜಿ ವಿಚಾರಣೆಗೆ ಭೂನ್ಯಾಯ ಮಂಡಳಿಯವರು ಊರಿಗೆ ಬರುವುದು ಮುಂದಿನ ತಿಂಗಳು. ಗುತ್ತೆಪ್ಪನಿಗೆ ಅಕ್ಷರ ಬರದು. “ಗಟ್ಟ್ಯಾಗಿ ಬಿಗೀರಿ ಡಾಕ್ಟರ. ನನ್ನ ಮನಿ ಮನಶ್ಯಾ ಇದ್ದಂಗ ಅಂವ” ಎಂದರು.

ಹೊರಡುವಾಗ ಡಾಕ್ಟರು ಉಡಚವ್ವನ ಕೈಗೆ ಒಂದು ಸಣ್ಣ ಇಕ್ಕಳ ಕೊಟ್ಟರು. “ವಾಂತಿ ಬಂದ್ರ ಇದರಾಗ ತಂತಿ ಕತ್ತರಸವ್ವಾ. ಇಲ್ಲಂದ್ರ ಉಸರು ಕಟ್ಟತೈತಿ. ಸುಮ್ಮಸುಮ್ನ ಕತ್ತರಿಸಿದ್ರ ಮತ್ತ ದವಡಿ ಸೊಟ್ಟ ಕೂಡತೈತಿ. ಸಾಯೂತನಾ ಗಂಜೀನ.” ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಇತ್ತ ಗೌಡರ ಆಳು ಗೋಣೆಪ್ಪ ಮನೆಮನೆಗೆ ಹೋಗಿ ಪಾಠ ಹೇಳಿದ. “ಪೊಲೀಸರ ಬರ್ಲಿ, ಯಾರರ ಬರ್ಲಿ, ನೇಗಿಲಾ ಹೊಡಿಯೂ ಮುಂದ ಎತ್ತು ಒದೀತು ಅನ್ರಿ.” ಎತ್ತಿನ ಕಾಲು ಅಷ್ಟು ಎತ್ತರ ಹೇಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಬಂದೇಸಾಬ ಮಾತ್ರ ನೊಂದುಕೊಂಡ. ಗುತ್ತೆಪ್ಪನದೊಂದು ಎತ್ತು, ಬಂದೇಸಾಬನದೊಂದು. ಎರಡನ್ನೂ ಜೋಡಿ ಮಾಡಿ ಇಬ್ಬರ ಹೊಲವನ್ನೂ ಉಳುತ್ತಿದ್ದರು. ಗೋಣೆಪ್ಪ ತಪ್ಪನ್ನು ಬಂದೇಸಾಬನ ಬಿಳಿ ಎತ್ತಿನ ಮೇಲೆಯೇ ಹಾಕಿದ್ದ.

“ನನ್ನ ಎತ್ತು ಕೂಸಿದ್ದಂಗ ಐತೋ ಗೋಣೆಪ್ಪಾ. ನೊಣಾ ಕುಂತ್ರೂ ಬಾಲ ಬೀಸಂಗಿಲ್ಲ.”

“ಎತ್ತಿಗೇನ ಮರ್ಯಾದಿ? ಬಾಯಿ ಮುಚ್ಚಕೊಂಡಿರು.”

ಮಂಡಳಿ ಬಂತು. ಚಾವಡಿ ತುಂಬಿತು. ಸಾಹೇಬರು ಖುರ್ಚಿಯಲ್ಲಿ ಕೂತು, “ಈ ಹೊಲಾ ಯಾರು ಉಳತಾರ?” ಎಂದರು.

“ನಂದ ಸ್ವಂತ ಸಾಗವಳಿರಿ,” ಗೌಡರು ಹೇಳಿದರು. “ಇಂವ ಆ ಹೊಲದಾಗ ಒಂದಿನಾನೂ ನೇಗಿಲಾ ಹಿಡದಿಲ್ಲ. ಬೇಕಾರ ಅವನ್ನ ಕೇಳ್ರಿ.”

ಸಾಹೇಬರು ಕೇಳಿದರು. ಗುತ್ತೆಪ್ಪನ ಗಂಟಲಲ್ಲಿ ಏನೋ ಗೊರಗೊರ ಅಂದಿತು. ತಲೆ ಅಲ್ಲಾಡಿಸಿದ, ಎದೆ ಬಡಿದುಕೊಂಡ.

“ಇದನ್ನ ನಾ ಏನಂತ ಬರೀಲಿ?” ಸಾಹೇಬರು ಕೇಳಿದರು. “ಸಾಕ್ಷಿ ಯಾರರ ಅದಾರೇನು?”

ಎಲ್ಲರೂ ನೆಲ ನೋಡಿದರು. ನಾಳೆ ಕೂಲಿಗೆ ಕರೆಯುವವರು ಗೌಡರೇ.

ಗುತ್ತೆಪ್ಪ ಹೆಂಡತಿಯ ಸೆರಗಿಗೆ ಕೈ ಹಾಕಿದ. ಇಕ್ಕಳಕ್ಕೆ. ತಂತಿ ಕತ್ತರಿಸಿಕೊಂಡು ಮಾತಾಡಲು ಹೊರಟಿದ್ದಾನೆ ಎಂದು ಉಡಚವ್ವನಿಗೆ ತಿಳಿಯಿತು. ಹೊಲವೋ ದವಡೆಯೋ ಎಂದು ಕೇಳುವ ದೇವರು ಎಂಥ ದೇವರು ಎನ್ನಿಸಿತು. ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು ನಿಂತಳು. ಗೋಣೆಪ್ಪ ಹೇಳಿಕೊಟ್ಟ ಪಾಠ ಅವಳಿಗೆ ಆಗ ನೆನಪಾಯಿತು.

“ಸಾಹೇಬ್ರ, ನಾ ಏನೂ ಹೇಳಂಗಿಲ್ರಿ. ಇವರ ದವಡಿ ಹೆಂಗ ಮುರೀತು, ಅದೊಂದ ಊರಿಗೆ ಕೇಳ್ರಿ.”

ಗೌಡರು ನೆಮ್ಮದಿಯಾಗಿ ಮೀಸೆ ತೀಡಿದರು. ಈ ಪಾಠ ಎಲ್ಲರಿಗೂ ಬಾಯಿಪಾಠವಾಗಿತ್ತು. ಗೋಣೆಪ್ಪನೇ ಮುಂದೆ ಬಂದ.

“ಎತ್ತು ಒದೀತ್ರಿ ಸಾಹೇಬ್ರ. ನೇಗಿಲಾ ಹೊಡಿಯೂ ಮುಂದ.”

ಸಾಹೇಬರು ಪೆನ್ನು ಎತ್ತಿದರು. “ಯಾವ ಹೊಲದಾಗ?”

ಗೋಣೆಪ್ಪ ಗೌಡರನ್ನು ನೋಡಿದ. ಗೌಡರು ಚಾವಡಿಯ ಜಂತಿ ನೋಡಿದರು. ಪೊಲೀಸರಿಗೆಂದು ಕಟ್ಟಿದ್ದ ಸುಳ್ಳು, ಮಂಡಳಿಗೆಂದು ಕಟ್ಟಿದ್ದ ಸುಳ್ಳು ಎರಡೂ ಒಂದೇ ಜಾಗದಲ್ಲಿ ಎದುರುಬದುರಾಗಿದ್ದವು.

“ಕೆರಿ ಕೆಳಗಿನ ಹೊಲದಾಗ್ರಿ,” ಹಿಂದಿನಿಂದ ದುರಗವ್ವ ಅಂದಳು. ಆ ದಿನ ಹೆಂಟೆ ಒಡೆಯುತ್ತಿದ್ದವರಲ್ಲಿ ಅವಳೂ ಒಬ್ಬಳು. “ಇದ ಹೊಲಾರಿ.”

“ನೇಗಿಲಾ ಹೊಡಿಯಾಕತ್ತಿದ್ದವರು ಯಾರು?”

“ಗುತ್ತೆಪ್ಪರಿ!” ಚಾವಡಿಯೇ ಅಂದಿತು. “ವರ್ಷಾ ವರ್ಷಾ ಅಂವನ ಹೊಡೀತಾನ್ರಿ. ಅವರಪ್ಪನೂ ಹೊಡೀತಿದ್ದ.” ಗೌಡರು ಕಲಿಸಿದ್ದನ್ನೇ ಹೇಳುವುದಕ್ಕೆ ಹೆದರಿಕೆ ಯಾಕೆ? ದನಿಗಳು ಏರಿದವು. ಬಂದೇಸಾಬ ಕಣ್ಣೊರಸಿಕೊಂಡು ಎದ್ದ. “ಹೌದ್ರಿ. ನನ್ನ ಬಿಳೀ ಎತ್ತ ಒದ್ದದ್ದು” ಎಂದ.

ಹೊಲ ಗುತ್ತೆಪ್ಪನ ಹೆಸರಿಗೆ ಆಯಿತು. ಊರು ಬೆಲ್ಲ ಹಂಚಿತು. ಉಡಚವ್ವನಿಗೆ ಬೆಲ್ಲ ಸಿಹಿಯಾಗಲಿಲ್ಲ. ಹೊಡೆದವನು ಜೀಪಿನಲ್ಲಿ ತಿರುಗುತ್ತಿದ್ದ. ತಪ್ಪು ಮೂಕ ಪ್ರಾಣಿಯ ತಲೆಯ ಮೇಲಿತ್ತು.

ತಂತಿ ಬಿಚ್ಚಿಸುವ ದಿನ ಶಿಗ್ಗಾಂವದಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದವರು ಗಂಡ ಹೆಂಡತಿ ಇಬ್ಬರೇ ಅಲ್ಲ. ಬಂದೇಸಾಬ ಹತ್ತಿದ, ದುರಗವ್ವ ಹತ್ತಿದಳು, ಅವರ ಹಿಂದೆ ಹೆಂಟೆ ಒಡೆಯುತ್ತಿದ್ದವರೆಲ್ಲ ಹತ್ತಿದರು.

ಡಾಕ್ಟರು ತಂತಿ ಬಿಚ್ಚಿ, “ಛಲೋ ಕೂಡೇತಿ. ಏನರ ಮಾತಾಡು ನೋಡೂಣು” ಎಂದರು.

ಗುತ್ತೆಪ್ಪ ದವಡೆಯನ್ನು ಮೆಲ್ಲಗೆ ಆಡಿಸಿದ. “ಒದ್ದದ್ದು ಎತ್ತಲ್ರಿ. ಮಲ್ಲೇಶಪ್ಪಗೌಡ ಹೊಡದದ್ದು.”

“ಅವತ್ತ ಗೊತ್ತಾಗೇತಿ ನನಗ,” ಡಾಕ್ಟರು ಕೈ ತೊಳೆಯುತ್ತ ಹೇಳಿದರು.

ಉಡಚವ್ವ ಸೆರಗಿನ ಗಂಟು ಬಿಚ್ಚಿ ಇಕ್ಕಳವನ್ನು ಮೇಜಿನ ಮೇಲೆ ಇಟ್ಟಳು.

“ಹಂಗಾರ ಅದನ್ನ ಬರದ ಕೊಡ್ರಿ. ಠಾಣೆಕ ಹೊಂಟೇವಿ.”

ನಲ್ಲಿ ಹರಿಯುತ್ತಲೇ ಇತ್ತು. ಡಾಕ್ಟರು ಬಾಗಿಲ ಕಡೆ ನೋಡಿದರು. ಬೆಂಚು ತುಂಬಿತ್ತು. ಜಾಗ ಸಾಲದವರು ನೆಲದ ಮೇಲೆ ಕುಳಿತಿದ್ದರು. ಬಂದೇಸಾಬ ಒಳಗೆ ತಲೆ ಹಾಕಿದ.

“ಸಾವಕಾಶ ಬರೀರಿ ಡಾಕ್ಟರ. ಸಂಜೀ ಬಸ್ಸು ಹೋದ್ರ ಮುಂಜಾನಿ ಬಸ್ಸು ಐತಿ.”