ಪಂಪಿನಲ್ಲಿ ಉಳಿದ ಎಣ್ಣೆ

ಗಂಡನ ಹೆಸರು ಹೇಳಬಾರದೆಂದು ಅವ್ವ ಕಲಿಸಿದ್ದಳು. ಇವತ್ತು ಹೇಳುತ್ತೇನೆ: ಜಂಬಣ್ಣ. ನನ್ನ ತುಂಬೆಯನ್ನು ಸುಟ್ಟವನು ಅವನೇ.

ನಾನು ಗುರುಗುಂಟಾದ ಒಣಹೊಲದವಳು, ಕೊಟ್ಟದ್ದು ತುರ್ವಿಹಾಳದ ಭತ್ತದ ಮನೆಗೆ. ಇಲ್ಲಿ ಭತ್ತ ಬಿಟ್ಟು ಹುಟ್ಟಿದ್ದೆಲ್ಲ ಕಸ. ಗದ್ದೆ, ಬದು, ಎಲ್ಲಕ್ಕೂ ಎಣ್ಣೆ ಹೊಡೆಯುತ್ತಾರೆ. ಕಸ ಸಾಯಿಸುವ ಔಷಧಕ್ಕೆ ಈ ಕಡೆ ಹಾಗೇ ಅನ್ನುವುದು. ಹೂವಿಲ್ಲದ ಊರಿಗೆ ಜೇನ್ನೊಣ ಯಾಕೆ ಬಂದೀತು? ಹಿತ್ತಲಿನ ಕುಂಬಳ ಬಳ್ಳಿ ಹೂ ಬಿಟ್ಟು ಉದುರಿಸುತ್ತಿತ್ತೇ ಹೊರತು ಕಾಯಿ ಕಚ್ಚುತ್ತಿರಲಿಲ್ಲ.

ಅವ್ವ ಸತ್ತ ವರ್ಷ ಅವಳ ಹಿತ್ತಲಿನಿಂದ ತುಂಬೆ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಆಮೇಲೆ ಅಣ್ಣ ಆ ಹಿತ್ತಲಿಗೆ ಸಿಮೆಂಟು ಹಾಕಿಸಿದ. ಕಾಲುವೆ ನೀರು ಬಂದ್ ಆದ ಬೇಸಿಗೆಯಲ್ಲೂ ಪಾತ್ರೆ ತೊಳೆದ ನೀರಿಗೇ ಗಿಡ ನಿಂತಿತು, ಬೆಳ್ಳಗೆ ಹೂ ಬಿಟ್ಟಿತು. ಜೇನು ಬಂತು, ಕುಂಬಳ ಕಚ್ಚಿತು. ಜಂಬಣ್ಣ ದಿನಾ ಬೆಳಿಗ್ಗೆ ಅದೇ ಹೂವನ್ನು ಲಿಂಗಕ್ಕೆ ಏರಿಸಿ ಕಣ್ಣು ಮುಚ್ಚುತ್ತಿದ್ದ. ನನಗಂತೂ ಅವ್ವನೇ ಬಂದು ಹಿತ್ತಲಲ್ಲಿ ಕೂತಂತೆ ಅನಿಸುತ್ತಿತ್ತು.

ಹೋದ ವಾರ ಗದ್ದೆಯಿಂದ ಬಂದವನ ಬೆನ್ನಿನ ಪಂಪಿನಲ್ಲಿ ಎಣ್ಣೆ ಉಳಿದಿತ್ತು. ಉಳಿದದ್ದನ್ನು ಚೆಲ್ಲುವ ರೂಢಿ ಈ ಊರಲ್ಲಿಲ್ಲ; ಎಲ್ಲಿ ಹಸಿರು ಕಂಡರೆ ಅಲ್ಲಿ ಹೊಡೆದು ಮುಗಿಸುತ್ತಾರೆ. ನಾನು ಸಿಂಧನೂರು ಸಂತೆಗೆ ಹೋಗಿದ್ದೆ. ಬರುವಷ್ಟರಲ್ಲಿ ಹಿತ್ತಲೆಲ್ಲ ನಾರುತ್ತಿತ್ತು.

“ಏನ್ ಮಾಡೀರಿ ಇದು?”

“ಚೆಲ್ಲಿದ್ರ ದಂಡ ಅಲ್ಲೇನ? ಕಸ ಭಾಳ ಬೆಳದಿತ್ತು, ಹೊಡದೆ.”

“ಅದು ತುಂಬಿ ರೀ. ನಮ್ಮವ್ವಂದು.”

“ತುಂಬಿಗೇನ್ ಬರಾ ಬಂದದ? ಬದುವಿನ್ಯಾಗ ಬೇಕಾದಷ್ಟು ಸಿಗತದ, ಹೋಗಲೇ.”

ನಾಲ್ಕು ದಿನಕ್ಕೆ ಗಿಡವೆಲ್ಲ ಕರಕಲಾಯಿತು. ಬಿದ್ದ ಬೀಜ ಆ ಮಣ್ಣಲ್ಲಿ ಮೊಳೆತೀತೆಂಬ ನಂಬಿಕೆ ನನಗಿಲ್ಲ. ಅವ್ವನನ್ನು ಎರಡನೇ ಸಲ ಮಣ್ಣು ಮಾಡಿದಷ್ಟು ಅತ್ತೆ.

ಸೋಮವಾರ ಸ್ನಾನ ಮಾಡಿ, ತಟ್ಟೆ ಹಿಡಿದು ಹೊರಟವನು ನಮ್ಮ ಬದು, ಪಕ್ಕದವರ ಬದು, ಕಾಲುವೆ ದಂಡೆ ಎಲ್ಲ ಸುತ್ತಿ ಬಂದ. ಎಲ್ಲ ಕಡೆಗೂ ಎಣ್ಣೆ ಅವನಿಗಿಂತ ಮುಂಚೆಯೇ ಹೋಗಿತ್ತು. ಕೆಟ್ಟ ಮೇಲಾದರೂ ಬುದ್ಧಿ ಬರುತ್ತದೆ ಅನ್ನುತ್ತಾರೆ. ಇವನಿಗೆ ಅದೂ ಬಂದಿರಲಿಲ್ಲ.

“ಒಂದಾರ ಹೂವು ಇಲ್ಲಲೇ,” ಎಂದು ಖಾಲಿ ತಟ್ಟೆಯನ್ನು ನನ್ನ ಮುಂದಿಟ್ಟ. “ಈಗ ಶಿವಗ ಏನ್ ಏರಸಲಿ?”

ಮೂಲೆಯಲ್ಲಿದ್ದ ಪಂಪು ತಂದು ತಟ್ಟೆಯ ಪಕ್ಕ ಇಟ್ಟೆ.

“ಇದರಾಗ ಇನ್ನೂ ಒಂದೀಟು ಎಣ್ಣಿ ಉಳದದ ರೀ. ದಂಡ ಆಗಬಾರದಲ್ಲ, ಏರಸ್ರಿ.”