ಎರಡನೇ ಕುರ್ಚಿಯ ಗೇನ್ಸ್

"ಇನ್ನು ಇದನ್ನ ಮಾತು ಕೇಳಿಸೋ ಹಾಗೆ ಇಟ್ಟುಬಿಡಿ ಸಾಕು, ಡಾಕ್ಟರ್. ಸಂಗೀತದ ಸೆಟ್ಟಿಂಗ್ ತೆಗೆದುಬಿಡಿ," ಎಂದರು ಎಲ್ವುಡ್ ಗೇನ್ಸ್.

ಶರಣ್ಯಾ ಅವರ ಎಡಗಿವಿಯ ಹಿಯರಿಂಗ್ ಮಷೀನನ್ನು ದೀಪದ ಕೆಳಗೆ ಹಿಡಿದು ಪುಟ್ಟ ಬ್ರಷ್ಷಿನಿಂದ ಗುಗ್ಗೆ ತೆಗೆಯುತ್ತಿದ್ದಳು. ಡೆಟ್ರಾಯಿಟ್ ಬಳಿಯ ವೆಸ್ಟ್ ಬ್ಲೂಮ್‌ಫೀಲ್ಡಿನ ಈ ಕಿವಿ ಕ್ಲಿನಿಕ್ಕಿಗೆ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುವ ಗೇನ್ಸ್‌ಗೆ ತೊಂಬತ್ತಾರು ವರ್ಷ. ಇಸ್ತ್ರಿ ಮಾಡಿದ ಅಂಗಿ, ಟೈ, ಹೊಳೆಯುವ ಬೂಟು. ಕಿವಿ ತೋರಿಸಿಕೊಳ್ಳುವುದಕ್ಕೆ ಇಷ್ಟು ಅಲಂಕಾರ ಮಾಡಿಕೊಂಡು ಬರುವವರು ಅವಳ ಪೇಷೆಂಟುಗಳಲ್ಲಿ ಇನ್ನೊಬ್ಬರಿರಲಿಲ್ಲ. ಇವತ್ತು ಅವರ ಕಾಲ ಬಳಿ ಒಂದು ಕಪ್ಪು ಪೆಟ್ಟಿಗೆಯೂ ಇತ್ತು.

"ಅದೇನು ತಂದಿದೀರಿ?"

"ನನ್ನ ಸ್ಯಾಕ್ಸೊಫೋನ್. ಹನ್ನೆರಡಕ್ಕೆ ಮೊಮ್ಮಗಳು ಬರ್ತಾಳೆ. ಇಲ್ಲಿಂದ ಸೀದಾ ಹೈಸ್ಕೂಲಿಗೆ ಹೋಗಿ ಬ್ಯಾಂಡ್ ಮೇಷ್ಟ್ರ ಕೈಗೆ ಕೊಟ್ಟುಬಿಡ್ತೀನಿ. ಯಾರಾದ್ರೂ ನುಡಿಸಲಿ."

ಹಳೆಯ ಸೋಫಾವನ್ನು ಸಾಗಹಾಕುವವರ ಹಾಗೆ, ಬಹಳ ಸಮಾಧಾನದಿಂದಲೇ ಹೇಳಿದರು. ಶರಣ್ಯಾ ಬ್ರಷ್ಷನ್ನು ಕೆಳಗಿಟ್ಟಳು. ಆ ವಾದ್ಯದ ಕಥೆ ಅವಳಿಗೆ ಗೊತ್ತಿತ್ತು.

ಮೂರು ವರ್ಷಗಳಿಂದ ಅವಳು ಅದನ್ನು ಕಂತು ಕಂತಾಗಿ ಕೇಳಿದ್ದಳು. ಎರಡನೇ ಮಹಾಯುದ್ಧದ ಕೊನೆಯ ವರ್ಷ ಡೆಟ್ರಾಯಿಟಿನಲ್ಲಿ ಕುಣಿತಕ್ಕೆ ನುಡಿಸುವ ಒಂದು ಸ್ವಿಂಗ್ ಬ್ಯಾಂಡಿನಲ್ಲಿ ಎರಡನೇ ಆಲ್ಟೊ ಸ್ಯಾಕ್ಸೊಫೋನ್ ನುಡಿಸುವವನನ್ನು ಸೈನ್ಯಕ್ಕೆ ಕರೆದುಕೊಂಡರು. 'ಒಂದು ವಾರ ಕೂತಿರು' ಎಂದು ಹದಿನೇಳರ ಗೇನ್ಸ್‌ರನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಆ ಒಂದು ವಾರ ಇನ್ನೂ ಮುಗಿದಿಲ್ಲ. ಟೊಲೀಡೊ, ಕ್ಲೀವ್‌ಲ್ಯಾಂಡ್, ಗ್ಯಾರಿ, ಶಿಕಾಗೋದ ಸೌತ್ ಸೈಡ್; ಹದಿನಾಲ್ಕು ಮಂದಿಗೆ ಒಂದು ಬಸ್ಸು. ಕಪ್ಪು ಜನಕ್ಕೆ ಹೋಟೆಲಿನವರು ಕೋಣೆ ಕೊಡದ ಊರುಗಳಲ್ಲಿ ಚರ್ಚಿನವರ ಮನೆಯ ಹಜಾರದಲ್ಲಿ ಸಾಲಾಗಿ ಮಲಗುತ್ತಿದ್ದರಂತೆ. ಬೆಳಿಗ್ಗೆ ಆ ಮನೆಯವರು ಕೊಡುತ್ತಿದ್ದ ಮೆತ್ತನೆ ಬನ್ನಿನಂಥ ಬಿಸ್ಕತ್ತು, ಅದರ ಮೇಲೆ ಸುರಿಯುವ ಗ್ರೇವಿಯ ರುಚಿಯನ್ನು ಹೇಳುವಾಗ ಮಾತ್ರ ಗೇನ್ಸ್ ಕಣ್ಣು ಮುಚ್ಚುತ್ತಿದ್ದರು.

ಜನರ ಕುಣಿತದ ಹುಚ್ಚು ಇಳಿದು ದೊಡ್ಡ ಬ್ಯಾಂಡುಗಳು ಒಡೆದಾಗ ಅವರು ಕಾರಿನ ಕಾರ್ಖಾನೆಯ ಪೇಂಟ್ ವಿಭಾಗ ಸೇರಿ ಮೂವತ್ತೊಂದು ವರ್ಷ ದುಡಿದರು. ಶನಿವಾರ ಬಂತೆಂದರೆ ಯಾವ ಬ್ಯಾಂಡಿನ ಎರಡನೇ ಕುರ್ಚಿ ಖಾಲಿ ಇದೆಯೋ ಅಲ್ಲಿ ಹಾಜರು. ಹನ್ನೊಂದು ರೆಕಾರ್ಡುಗಳಲ್ಲಿ ನುಡಿಸಿದ್ದಾರೆ. ಒಂದರ ಮೇಲೂ ಅವರ ಹೆಸರಿಲ್ಲ. ಬೇಜಾರಾಗಲ್ವಾ ಎಂದು ಶರಣ್ಯಾ ಒಮ್ಮೆ ಕೇಳಿದಾಗ ಗೇನ್ಸ್ ನಕ್ಕುಬಿಟ್ಟಿದ್ದರು.

"ಲೀಡ್ ಆಲ್ಟೊ, ಅಂದ್ರೆ ಮೊದಲನೇ ಕುರ್ಚಿಯವನು, ಹಾಡ್ತಾನೆ; ನಾನು ಅವನ ಕಾಲ ಕೆಳಗೆ ಸ್ವರ ಹಾಸ್ತೀನಿ. ಅವನು ಉಸಿರು ತಗೊಂಡಾಗ ನಾನೂ ತಗೋಬೇಕು. ನನ್ನ ಸ್ವರ ಬೇರೆಯಾಗಿ ಕೇಳಿಸ್ತು ಅಂದ್ರೆ ಅವತ್ತು ನಾನು ಕೆಲಸ ಕೆಡಿಸಿದೀನಿ ಅಂತ ಅರ್ಥ."

ಈಗ ಅವರು ವಾರಕ್ಕೊಮ್ಮೆ ಹೋಗುತ್ತಿದ್ದದ್ದು ನಿವೃತ್ತರು ಕಟ್ಟಿಕೊಂಡ ಬ್ಯಾಂಡಿಗೆ. ಅಲ್ಲಿಯೂ ಅದೇ ಎರಡನೇ ಕುರ್ಚಿ.

"ಯಾಕೆ ಬಿಡ್ತಿದೀರಿ, ಮಿಸ್ಟರ್ ಗೇನ್ಸ್?"

"ಯಾಕಂದ್ರೆ ಈಗ ನಾನು ಬೇರೆಯಾಗಿ ಕೇಳಿಸ್ತಾ ಇದೀನಿ." ಅವರು ಬೆರಳುಗಳನ್ನು ಒಮ್ಮೆ ನೋಡಿಕೊಂಡರು. "ಉದ್ದನೆ ಸ್ವರ ಹಿಡಿದರೆ ಸಾಕು, ನಡುಗುತ್ತೆ. ರೀಡ್, ಆ ಬೆತ್ತದ ಸೀಳು, ಬದಲಾಯಿಸಿದೆ. ಬಾಯಿ ಇಡೋ ಭಾಗ ಹೊಸದು ಹಾಕಿಸಿದೆ. ಆಮೇಲೆ ಗೊತ್ತಾಯ್ತು, ಹೋಗಿರೋದು ನನ್ನ ತುಟಿ. ನಡುಕ ನಿಲ್ಲಿಸೋಕೆ ಹೋಗಿ ಸ್ವರ ಮೇಲೆ ಕೆಳಗೆ ಆಗುತ್ತೆ. ಹೋದ ವಾರ ಲೀಡ್ ನುಡಿಸೋಳು ತಿರುಗಿ ನನ್ನನ್ನ ನೋಡಿದಳು. ಎಂಬತ್ತು ವರ್ಷದಲ್ಲಿ ಯಾರೂ ನನ್ನ ಕಡೆ ತಿರುಗಿ ನೋಡಿರಲಿಲ್ಲ, ಡಾಕ್ಟರ್."

ನಡುಗುತ್ತೆ ಎನ್ನಲು ಅವರು ಬಳಸಿದ್ದು ಇಂಗ್ಲಿಷಿನ 'ಶಿವರ್' ಎಂಬ ಪದ. ಶರಣ್ಯಾಳಿಗೆ ಅದು ಕೇಳಿಸಿದ್ದು ಅಚ್ಚ ಗದಗಿನ ಕನ್ನಡದಲ್ಲಿ: ನಡಗತೈತಿ.

ಅವಳ ಅತ್ತೆ ರುದ್ರಮ್ಮ ಚಳಿಗಾಲದುದ್ದಕ್ಕೂ ಇದನ್ನೇ ಹೇಳಿದ್ದರು. "ಪೇಟಿ ನಡಗತೈತಿ." ಶನಿವಾರದ ಭಜನೆಯಲ್ಲಿ ಹಾಡುವವರ ಹಿಂದೆ ಕೂತು ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಹೆಂಗಸು. ಮಿಶಿಗನ್ನಿನ ಒಣ ಹವೆಗೆ ಪೇಟಿಯ ಮರ ಬಿರಿದಿರಬೇಕು ಎಂದು ಶರಣ್ಯಾಳೇ ತೀರ್ಪು ಕೊಟ್ಟಿದ್ದಳು. ಗಂಡ ವೀರೇಶ್ ಪೇಟಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ, ಐದು ಗಂಟೆ ಡ್ರೈವ್ ಮಾಡಿ ಶಿಕಾಗೋದಲ್ಲಿ ಭಾರತೀಯರ ಅಂಗಡಿಗಳಿರುವ ಡೆವನ್ ಅವೆನ್ಯೂದಲ್ಲಿ ರಿಪೇರಿ ಮಾಡುವವನೊಬ್ಬನಿಗೆ ತೋರಿಸಿದ. ಏನೂ ಆಗಿಲ್ಲ, ಹೊಸದರ ಹಾಗಿದೆ ಎಂದು ಅವನು ವಾಪಸ್ ಕೊಟ್ಟ. ಮನೆಗೆ ಬಂದ ಪೇಟಿ ಮತ್ತೆ ನಡುಗಿತು. ರುದ್ರಮ್ಮ ಅದರ ಮೇಲೊಂದು ಟವೆಲ್ ಹೊದಿಸಿ, ಆಮೇಲೆ ಅದರ ಮಾತೇ ಎತ್ತಲಿಲ್ಲ. ಅತ್ತೆಗೂ ಗೇನ್ಸ್‌ಗೂ ಹೋದ ಅಕ್ಟೋಬರಿನಲ್ಲಿ ಒಂದೇ ಕಂಪನಿಯ ಹೊಸ ಕಿವಿ ಮಷೀನು ಹಾಕಿದವಳು ಶರಣ್ಯಾ.

"ಪೆಟ್ಟಿಗೆ ತೆಗೀರಿ," ಎಂದಳು. ದನಿ ತುಸು ಜೋರಾಗಿಯೇ ಬಂತು. "ಇಲ್ಲೇ ನುಡಿಸಿ."

ಗೇನ್ಸ್ ಹುಬ್ಬೇರಿಸಿದರು. ಆದರೆ ಬ್ಯಾಂಡಿನಲ್ಲಿ ಹೇಳಿದ್ದನ್ನು ಕೇಳಿ ಅಭ್ಯಾಸವಿದ್ದ ಮನುಷ್ಯ. ಮರುಮಾತಾಡದೆ ವಾದ್ಯ ಜೋಡಿಸಿ, ಪಟ್ಟಿ ಕೊರಳಿಗೆ ಹಾಕಿಕೊಂಡರು. ಬಲಗಿವಿಯ ಮಷೀನು ಇನ್ನೂ ಅವರ ಕಿವಿಯಲ್ಲೇ ಇತ್ತು. ಒಂದು ಉದ್ದನೆಯ ಸ್ವರ ಹಿಡಿದರು. ಶರಣ್ಯಾಳ ಬರಿಗಿವಿಗೆ ಅದು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಗೇನ್ಸ್ ಮಾತ್ರ ಮುಖ ಕಿವುಚಿಕೊಂಡರು.

"ಕೇಳಿಸ್ತಲ್ಲ?"

"ನಿಲ್ಲಿಸಬೇಡಿ, ಅದನ್ನೇ ಹಿಡೀರಿ."

ಮಷೀನನ್ನು ಪರೀಕ್ಷಿಸಲು ಅವಳ ಬಳಿ ಸ್ಟೆತೊಸ್ಕೋಪಿನಂಥ ಒಂದು ಕೊಳವೆ ಇತ್ತು. ಎಡಗಿವಿಯ ಮಷೀನನ್ನು ಅದರ ತುದಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತನ್ನ ಕಿವಿಗಿಟ್ಟುಕೊಂಡಳು. ಅದೇ ಸ್ವರ ಮಷೀನಿನೊಳಗೆ ಹೊಕ್ಕು ಗಡಗಡ ನಡುಗುತ್ತಾ ಹೊರಗೆ ಬರುತ್ತಿತ್ತು. ಶರಣ್ಯಾಳಿಗೆ ನಗುವೂ ನಾಚಿಕೆಯೂ ಒಟ್ಟಿಗೆ ಬಂದವು. ಮೈಸೂರಿನಲ್ಲಿ ಆರು ವರ್ಷ ಇದನ್ನೇ ಓದಿದವಳು ಎಂಟು ತಿಂಗಳು ಇಬ್ಬರು ಮುದುಕರನ್ನು ಸತಾಯಿಸಿದ್ದಳು.

"ತುಟಿ ಸರಿಯಾಗಿದೆ ಮಿಸ್ಟರ್ ಗೇನ್ಸ್. ತಪ್ಪು ನನ್ನದು," ಎಂದು ಕೊಳವೆ ತೆಗೆದಳು. "ಕಿವಿ ಮಷೀನು ಕೆಲವು ಸಲ ಸಿಳ್ಳೆ ಹೊಡೆಯುತ್ತಲ್ಲ, ಅದನ್ನ ಅಡಗಿಸೋಕೆ ಒಳಗೊಂದು ವ್ಯವಸ್ಥೆ ಇದೆ. ನಿಮ್ಮ ಉದ್ದನೆ ಸ್ವರಾನೂ ಸಿಳ್ಳೆ ಅಂದ್ಕೊಂಡು ಅದನ್ನ ಅಳಿಸೋಕೆ ಹೋಗ್ತಿದೆ."

ಗೇನ್ಸ್ ವಾದ್ಯ ಕೆಳಗಿಳಿಸಿದರು. "ಅಂದ್ರೆ ಎಂಟು ತಿಂಗಳಿಂದ ನಾನು ಇಲ್ಲದ ನಡುಕದ ಜೊತೆ ಜಗಳ ಆಡ್ತಿದ್ದೆ?"

"ಹೌದು."

"ರೀಡುಗಳಿಗೆ ಎಷ್ಟು ಬೈದೆ!" ಎಂದು ಅವರು ತೊಡೆ ತಟ್ಟಿಕೊಂಡು ನಕ್ಕರು.

ಶರಣ್ಯಾ ಎರಡೂ ಮಷೀನುಗಳನ್ನು ಕಂಪ್ಯೂಟರಿಗೆ ಜೋಡಿಸಿ, ಸಂಗೀತದ ಸೆಟ್ಟಿಂಗಿನಲ್ಲಿ ಆ ವ್ಯವಸ್ಥೆಯನ್ನು ಆಫ್ ಮಾಡಿದಳು. ಅಪರೂಪಕ್ಕೊಮ್ಮೆ ನಿಜವಾದ ಸಿಳ್ಳೆ ಬಂದೀತು ಎಂದರೆ, ಬರಲಿ ಬಿಡಿ ಎಂದರು ಗೇನ್ಸ್. ಎರಡನ್ನೂ ಕಿವಿಗೆ ಹಾಕಿಕೊಂಡು ಮತ್ತೆ ಅದೇ ಸ್ವರ ಹಿಡಿದರು. ಈ ಸಲ ಮುಖದ ಸುಕ್ಕು ಒಂದೊಂದಾಗಿ ಸಡಿಲವಾಯಿತು. ಉಸಿರು ಮುಗಿಯುವವರೆಗೂ ಬಿಡಲಿಲ್ಲ.

ಆದರೂ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ವಾದ್ಯ ಒರೆಸಿ ಪೆಟ್ಟಿಗೆಗೆ ಹಾಕುತ್ತಾ, "ಇದು ಒಬ್ಬನೇ ನುಡಿಸಿದ್ದು. ಇದು ನನ್ನ ಕೆಲಸ ಅಲ್ಲ. ಪಕ್ಕದಲ್ಲಿ ನಾಲ್ಕು ಜನ ಊದುವಾಗ ಕರಗ್ತೀನೋ ಇಲ್ವೋ ನೋಡಬೇಕು," ಎಂದರು. "ಭಾನುವಾರ ಮಧ್ಯಾಹ್ನ ಲೈಬ್ರರಿಯಲ್ಲಿ ನಮ್ಮ ಪ್ರೋಗ್ರಾಮ್ ಇದೆ. ನೀವೇ ಬಂದು ಕೇಳಿ, ನಿಜ ಹೇಳಿ. ನಾನು ಎದ್ದು ಕಾಣಿಸಿದರೆ ಸೋಮವಾರ ಇದು ಸ್ಕೂಲಿಗೆ ಹೋಗುತ್ತೆ."

ಹನ್ನೆರಡಕ್ಕೆ ಬಂದ ಮೊಮ್ಮಗಳು ಪೆಟ್ಟಿಗೆಯನ್ನು ಕಾರಿನಲ್ಲಿಟ್ಟು, ಸ್ಕೂಲಿಗೆ ಬದಲು ಅಜ್ಜನನ್ನು ಸೀದಾ ಮನೆಗೆ ಕರೆದುಕೊಂಡು ಹೋದಳು.

ಸಂಜೆ ಶರಣ್ಯಾ ಮನೆಗೆ ಬಂದವಳೇ ಕ್ಲಿನಿಕ್ಕಿನ ಬಿಳಿ ಕೋಟನ್ನೂ ಬಿಚ್ಚದೆ ಅತ್ತೆಯ ಎದುರು ಲ್ಯಾಪ್‌ಟಾಪ್ ತೆರೆದು ಕೂತಳು. ರುದ್ರಮ್ಮ ಶೇಂಗಾ ಬಿಡಿಸುತ್ತಿದ್ದರು.

"ಅತ್ತೀ, ಕಿವೀದು ತಗದು ಕೊಡ್ರಿ. ನಿಮ್ಮ ಪೇಟಿ ನಡಗಾಂಗಿಲ್ಲ. ಮಷೀನ್ ನಡಗಸ್ತೈತಿ."

ರುದ್ರಮ್ಮ ಪೂರ್ತಿ ಕಥೆ ಕೇಳಿಸಿಕೊಂಡು, ಕೈಯ ಸಿಪ್ಪೆ ಜಾಡಿಸಿದರು. "ಮೊದಲ ಪೇಟೀದು ಅನ್ಕೊಂಡೆ. ಆಮ್ಯಾಲ ಕೈದು ಅನ್ಕೊಂಡೆ. ಕಡೀಕ, ಆತು ಬಿಡು, ವಯಸ್ಸಾತು ಅನ್ಕೊಂಡೆ."

"ನನಗ ಮತ್ತೊಮ್ಮೆ ಹೇಳಬಾರದಿತ್ತೇನ್ರಿ?"

"ಹೇಳಿದ್ನಲ್ಲವಾ. ನೀ ಪೇಟೀನ ಕೇಳಿದಿ, ನನ್ನ ಕೇಳಲಿಲ್ಲ." ಮಾತು ಚುರುಕಾಗಿತ್ತು, ಆದರೆ ಕಣ್ಣಿನಲ್ಲಿ ತುಂಟತನವಿತ್ತು. "ಶಿಕಾಗೋಕ್ಕ ಹೋಗಿ ಪೇಟಿ ಒಂದು ಊರು ನೋಡಿ ಬಂತು, ಹೋಗ್ಲಿ."

ಶರಣ್ಯಾಳ ಕಣ್ಣು ತುಂಬಿ ಬಂತು. ತಪ್ಪಾತ್ರಿ ಅತ್ತೀ ಎಂದಳು. "ಏ ಹುಚ್ಚಿ, ಅದನ್ನ ಸರಿ ಮಾಡು ಮೊದಲ," ಎಂದು ರುದ್ರಮ್ಮ ಸೊಸೆಯ ಬೆನ್ನಿಗೊಂದು ಗುದ್ದು ಕೊಟ್ಟರು. ಆ ಸಂಜೆ ಮನೆಯಲ್ಲಿ ಊಟ ಒಂದು ಗಂಟೆ ತಡವಾಯಿತು. ಪೇಟಿಯ ಮುಂದಿನಿಂದ ಅತ್ತೆಯನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಭಾನುವಾರ ಅತ್ತೆ ಸೊಸೆ ಇಬ್ಬರೂ ಲೈಬ್ರರಿಯ ಮೂರನೇ ಸಾಲಿನಲ್ಲಿ ಕೂತರು. ರುದ್ರಮ್ಮ ಇಳಕಲ್ ಸೀರೆ ಉಟ್ಟು, ಏಸಿಯ ಚಳಿಗೆ ಮೇಲೆ ವೀರೇಶನ ಜಾಕೆಟ್ ಹಾಕಿಕೊಂಡಿದ್ದರು. ಮುಂದಿನ ಸಾಲಿನಲ್ಲಿ ಐದು ಸ್ಯಾಕ್ಸೊಫೋನ್. ನಡುವೆ ಲೀಡ್ ನುಡಿಸುವ ಪೋಸ್ಟ್ ಆಫೀಸಿನಿಂದ ನಿವೃತ್ತಳಾದ ಹೆಂಗಸು, ಅವಳ ಪಕ್ಕ ಟೈ ಕಟ್ಟಿಕೊಂಡ ಗೇನ್ಸ್. ಅವರು ಜನರ ಕಡೆ ನೋಡಲೇ ಇಲ್ಲ.

ನಿಧಾನದ ಒಂದು ಹಾಡು ಶುರುವಾಯಿತು. ಶರಣ್ಯಾ ಮೈಯೆಲ್ಲ ಕಿವಿಯಾಗಿ ಗೇನ್ಸ್‌ರನ್ನು ಹುಡುಕಿದಳು. ಲೀಡ್ ಸಿಕ್ಕಿತು, ಕೆಳಗಿನ ದಪ್ಪ ದನಿ ಸಿಕ್ಕಿತು, ಗೇನ್ಸ್ ಸಿಗಲಿಲ್ಲ. ಹೆದರಿ ನುಡಿಸುವುದನ್ನೇ ನಿಲ್ಲಿಸಿದರೇನೋ ಎಂದು ಅವಳಿಗೆ ಗಾಬರಿಯಾಯಿತು. ಕತ್ತು ಉದ್ದ ಮಾಡಿ ನೋಡಿದಳು. ಕೆನ್ನೆ ಬಿಗಿದಿತ್ತು, ಬೆರಳುಗಳು ಓಡಾಡುತ್ತಿದ್ದವು. ಪಕ್ಕದವಳ ಭುಜ ಉಸಿರಿಗೆ ಮೇಲೆದ್ದಾಗ ಅವರ ಭುಜವೂ ಎದ್ದಿತು.

"ಯಾರು ನಿಮ್ಮ ಅಜ್ಜಾರು?" ರುದ್ರಮ್ಮ ಕಿವಿಯಲ್ಲಿ ಕೇಳಿದರು.

"ಆ ಟೈ ಹಾಕ್ಕೊಂಡಾವ್ರು."

"ಅವ್ರ ಸ್ವರ ಯಾವ್ದು?"

"ಗೊತ್ತಾಗವಲ್ದು ಅತ್ತೀ," ಎಂದಳು ಶರಣ್ಯಾ. ಇಷ್ಟು ಸಂತೋಷದಿಂದ ಅವಳು ಆ ಮಾತನ್ನು ಯಾವತ್ತೂ ಹೇಳಿರಲಿಲ್ಲ.

ರುದ್ರಮ್ಮ ತುಸು ಹೊತ್ತು ತಲೆ ಓರೆ ಮಾಡಿ ಆಲಿಸಿದರು. "ಐದು ಮಂದಿ ಊದಾಕತ್ತಾರ," ಎಂದರು, "ಉಸಿರು ಒಂದ ಐತಿ."

ಹಾಡು ಮುಗಿಯಿತು. ಬ್ಯಾಂಡಿನ ಮುಖ್ಯಸ್ಥ, ಹಾಡಿನ ನಡುವೆ ಒಬ್ಬನೇ ನುಡಿಸಿದ್ದ ಟ್ರಂಪೆಟ್‌ನವನನ್ನು ಎಬ್ಬಿಸಿ ನಿಲ್ಲಿಸಿ, ಹೆಸರು ಹೇಳಿ ಚಪ್ಪಾಳೆ ಕೊಡಿಸಿದ. ಜನ ಜೋರಾಗಿಯೇ ತಟ್ಟಿದರು. ಆ ಸದ್ದಿನ ನಡುವೆ ಗೇನ್ಸ್ ಕೂತಲ್ಲೇ ಬಾಗಿ ಮುಂದಿನ ಹಾಡಿನ ಹಾಳೆ ತಿರುವಿದರು, ರೀಡಿಗೆ ನಾಲಿಗೆ ತಾಗಿಸಿ ಒದ್ದೆ ಮಾಡಿಕೊಂಡರು.