ಒಂದು ಹಿಡಿ ಮಡಿಲಕ್ಕಿ

"ನಿಮ್ಮ ತಂದೆಯ ಜಮೀನಿನಲ್ಲಿ ನಿಮಗೂ ಪಾಲು ಇದೆ. ಹೌದೋ, ಅಲ್ಲವೋ?"

ಗಂಡನ ಕಡೆಯ ವಕೀಲ ಎರಡನೇ ಸಲ ಕೇಳಿದ. ಕಟಕಟೆಯ ಮರ ಹಿಡಿದು ನಿಂತಿದ್ದ ಕಾಟಮ್ಮನಿಗೆ ಇದೇನು ಹೊಸ ಆಟ ಅನ್ನಿಸಿತು. ಅವಳು ಹಿರಿಯೂರಿನ ಕೋರ್ಟಿಗೆ ಬಂದಿದ್ದು ಜೀವನಾಂಶ ಕೇಳುವುದಕ್ಕೆ. ಗಂಡ ಚಿತ್ತಯ್ಯ ಬಿಟ್ಟು ಹೋದ, ನನ್ನ ಹೊಟ್ಟೆಗೂ ಮಗಳ ಓದಿಗೂ ಏನಾದರೂ ಕೊಡಿಸಿ ಸ್ವಾಮಿ ಅಂತ ಬಂದವಳ ಹತ್ತಿರ, ಸತ್ತ ಅಪ್ಪನ ಜಮೀನಿನ ಮಾತು ಯಾಕೆ?

"ನಂಗೊತ್ತಿಲ್ಲ ಸ್ವಾಮಿ."

"ಗೊತ್ತಿಲ್ಲ ಅಂದರೆ ಇಲ್ಲ ಅಂತಲ್ಲ" ಎಂದು ವಕೀಲ ನ್ಯಾಯಾಧೀಶರ ಕಡೆ ತಿರುಗಿದ. ಅಪ್ಪ ಕಾಟಯ್ಯನಿಗೆ ಇಬ್ಬರೇ ಮಕ್ಕಳು, ಅಣ್ಣ ಪಾಲಣ್ಣನಿಗೆ ಎಷ್ಟು ಹಕ್ಕೋ ಈಕೆಗೂ ಅಷ್ಟೇ ಹಕ್ಕು, ಹೆಣ್ಣು ಗಂಡು ಅಂತ ಕಾನೂನು ಭೇದ ಮಾಡುವುದಿಲ್ಲ. ಹೀಗೆ ಸ್ವಂತ ಭೂಮಿ ಇರುವ ಹೆಂಗಸಿಗೆ, ಕೂಲಿನಾಲಿ ಮಾಡಿ ಬದುಕುವ ನನ್ನ ಕಕ್ಷಿದಾರ ಯಾಕೆ ಅನ್ನ ಹಾಕಬೇಕು ಅಂತ ಇಂಗ್ಲಿಷು ಕನ್ನಡ ಕಲಸಿ ವಾದಿಸಿದ.

ಕೂಲಿನಾಲಿಯಂತೆ! ಕೇಳುವವರಿಗೆ ಕಿವಿ ಇರಬೇಕಷ್ಟೆ. ಚಿತ್ತಯ್ಯ ಹೊಸದುರ್ಗದ ಕಡೆಯ ಒಬ್ಬಳನ್ನು ಕಟ್ಟಿಕೊಂಡು ಬಾಗೂರಿನಲ್ಲಿ ಸಂಸಾರ ಹೂಡಿ ಆರು ವರ್ಷವಾಗಿತ್ತು. ಇದ್ದ ಕುರಿಯೆಲ್ಲ ತಮ್ಮನವು, ನಾನು ಬರೀ ಕಾಯುವವನು ಅಂತ ಇದೇ ಕೋರ್ಟಿನಲ್ಲಿ ದೇವರ ಮೇಲೆ ಪ್ರಮಾಣ ಮಾಡಿ ಹೇಳಿದ್ದ. ಕೋರ್ಟಿನ ದಿನ ಬಂತೆಂದರೆ ಅವನ ಮೈಮೇಲೆ ಅದೇ ತೋಳು ಹರಿದ ಅಂಗಿ. ಕಾಲಲ್ಲಿ ಮಾತ್ರ ಮಿರಿಮಿರಿ ಮಿಂಚುವ ಹೊಸ ಚಪ್ಪಲಿ. ಅಂಗಿ ಹರಿದುಕೊಂಡು ಬಾ ಅಂತ ಹೇಳಿಕೊಟ್ಟವರು ಕಾಲಿನ ಕಡೆ ನೋಡುವುದನ್ನು ಮರೆತಿದ್ದರು.

ಕಾಟಮ್ಮನ ವಕೀಲ ಶಿವಕುಮಾರಪ್ಪ ಎದ್ದು ನಿಂತು, ಇದಕ್ಕೆ ಉತ್ತರ ಕೊಡಲು ಸಮಯ ಬೇಕು ಅಂದ. ಅವನು ಪ್ರತಿ ಸಲ ಎದ್ದು ನಿಂತಾಗಲೂ ಕೇಳುತ್ತಿದ್ದದ್ದು ಅದೊಂದನ್ನೇ. ಇನ್ನೊಂದು ತಾರೀಖು ಬಿತ್ತು.

ಹೊರಗೆ ಬರುವಾಗ ಕಾಟಮ್ಮ ಅವನನ್ನು ತಡೆದು, ಆ ವಯ್ಯ ಹೇಳಿದ್ದು ನಿಜವಾ ಅಂತ ಕೇಳಿದಳು. ಶಿವಕುಮಾರಪ್ಪ ಕರಿಕೋಟು ಕಳಚಿ ತೋಳಿನ ಮೇಲೆ ಹಾಕಿಕೊಳ್ಳುತ್ತ, ನಿಜ ಕಣಮ್ಮ, ನೀವು ಕೇಳಿದರೆ ತಾನೇ ಬರೋದು ಅಂದು ಬೇರೆ ಕಕ್ಷಿದಾರರ ಹಿಂದೆ ಹೋದ. ಅಲ್ಲ, ಇಷ್ಟು ದಿನ ಇವಳ ಕೇಸು ನಡೆಸಿದವನು ಇದೊಂದು ಮಾತು ಇವಳಿಗೆ ಹೇಳಲಿಲ್ಲ. ಹೇಳಿದವನು ಗಂಡನ ಕಡೆಯವನು, ಅದೂ ಇವಳ ಬಾಯಿಗೆ ಮಣ್ಣು ಹಾಕುವುದಕ್ಕೆ.

ಅಣ್ಣ ಪಾಲಣ್ಣನೂ ಅತ್ತಿಗೆ ಬರಗೇರಮ್ಮನೂ ಕೋರ್ಟಿನ ಅಂಗಳದ ಹೊಂಗೆ ಮರದ ಕೆಳಗೆ ಕೂತಿದ್ದರು. ಒಳಗೆ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ಏನಾಯ್ತು ಅಂತ ಪಾಲಣ್ಣ ಕೇಳಿದ. ಇನ್ನೊಂದು ತಾರೀಖು ಅಂತಷ್ಟೇ ಹೇಳಿದಳು ಕಾಟಮ್ಮ. ಪಾಲಿನ ಮಾತು ನಾಲಿಗೆಯ ತುದಿಯವರೆಗೂ ಬಂದು ವಾಪಸ್ಸು ಹೋಯಿತು.

ಯಾಕೆ ಹೋಯಿತೆಂದರೆ, ಪಾಲಣ್ಣ ಕೆಟ್ಟವನಲ್ಲ. ಚಿತ್ತಯ್ಯ ಬಿಟ್ಟಾಗ ಧರ್ಮಪುರದ ಪಕ್ಕದ ತಮ್ಮ ಹಟ್ಟಿಗೆ ಕರೆತಂದು, ಇಲ್ಲೇ ಇರು ತಂಗಿ ಅಂದವನು ಅವನೇ. ಪ್ರತಿ ತಾರೀಖಿಗೂ ಕೆಲಸ ಬಿಟ್ಟು ಜೊತೆಗೆ ಬಸ್ಸು ಹತ್ತಿದವನೂ ಅವನೇ. ಕುರಿರೊಪ್ಪದ ಪಕ್ಕ ಶೇಂಗಾ ಚೀಲ ಒಟ್ಟುವ ಕೋಣೆಯಲ್ಲಿ ಕಾಟಮ್ಮನ ಬಿಡಾರ. ಸಿರಿಗೆರೆಯ ಹಾಸ್ಟೆಲಿನಲ್ಲಿ ಓದುವ ಮಗಳು ರಜೆಗೆ ಬಂದರೆ ಚೀಲಗಳನ್ನು ಒಂದರ ಮೇಲೊಂದು ಏರಿಸಿ ಜಾಗ ಮಾಡಬೇಕು. ಹೋದ ರಜೆಯಲ್ಲಿ ಮಗಳು, "ಅವ್ವಾ, ನಮ್ಮನೆ ಯಾವುದು ಅಂತ ಕೇಳಿದ್ರೆ ಏನಂತ ಹೇಳ್ಲಿ?" ಅಂದಿದ್ದಳು. ಕಾಟಮ್ಮ ಆವತ್ತು ಮಾತು ಮರೆಸಿ ಮುದ್ದೆ ಬಡಿಸಿದ್ದಳು.

"ಬಾ ತಂಗಿ, ಇನ್ನೊಂದು ಕೆಲ್ಸ ಐತೆ. ಒಂದು ಸೈನು, ಅಷ್ಟೇಯ" ಅಂದ ಪಾಲಣ್ಣ. ಗುಡ್ಡದ ಮೇಲೆ ಗಾಳಿ ಫ್ಯಾನು ನಿಲ್ಲಿಸುವ ಕಂಪನಿಯವರು ಹೊಲ ಕೇಳುತ್ತಿದ್ದಾರೆ, ಅವರಿಗೆ ಮನೆಯವರೆಲ್ಲರ ಸೈನು ಬೇಕಂತೆ ಅಂತ ದಾರಿಯುದ್ದಕ್ಕೂ ಹೇಳಿದ. ಅವಳ ಕಡೆ ನೋಡದೆ ಹೇಳಿದ.

ನೋಂದಣಿ ಕಚೇರಿಯ ಜಗಲಿಯಲ್ಲಿ ಜನ ಗಿಜಿಗುಡುತ್ತಿದ್ದರು. ಬರಗೇರಮ್ಮ ಒಂದು ಮೂಲೆಯಲ್ಲಿ ಜಾಗ ಹುಡುಕಿ, "ಕುಂತ್ಕ ಕಾಟವ್ವ, ಮೂಡಲ ದಿಕ್ಕಿಗೆ ಮಖ ಮಾಡು" ಅಂದಳು. ಬೆಳಿಗ್ಗೆಯಿಂದ ತೊಡೆಯ ಮೇಲಿಂದ ಇಳಿಸದಿದ್ದ ಕೈಚೀಲ ಬಿಚ್ಚಿದಳು. ಒಳಗಿಂದ ಹಸಿರು ಸೀರೆ, ಕುಪ್ಪಸದ ಕಣ, ತೆಂಗಿನಕಾಯಿ, ಬೆಲ್ಲದಚ್ಚು, ವೀಳ್ಯದೆಲೆ, ಒಂದು ಗಂಟು ಅಕ್ಕಿ ಹೊರಬಂದವು. ಯಾವತ್ತೂ ಕೋರ್ಟಿನ ಕಡೆ ತಲೆ ಹಾಕದ ಅತ್ತಿಗೆ ಇವತ್ತು ಬಸ್ಸು ಹತ್ತಿದ್ದು ಇದಕ್ಕಾಗಿಯೇ ಇರಬೇಕು.

ಕಾಟಮ್ಮನ ಕಣ್ಣು ತುಂಬಿತು. ತುಂಬದೆ ಏನು ಮಾಡೀತು? ಆರು ವರ್ಷದಿಂದ ಅವಳಿಗೆ ಮಡಿಲಕ್ಕಿ ತುಂಬಿದವರಿರಲಿಲ್ಲ. ಗೌರಿಹಬ್ಬಕ್ಕೆ ಹಟ್ಟಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು, ಮಡಿಲು ತುಂಬಿಸಿಕೊಂಡು ಹೋಗುವಾಗ, ಗಂಡ ಬಿಟ್ಟವಳಿಗೆ ತುಂಬಬಾರದು ಅಂತ ಇದೇ ಬರಗೇರಮ್ಮ ಅವಳನ್ನು ಹಿಂದಕ್ಕೆ ನಿಲ್ಲಿಸುತ್ತಿದ್ದಳು. ಅವ್ವ ಇದ್ದಾಗ ಅಕ್ಕಿ ಸುರಿದು, "ಒಂದ್ ಹಿಡಿ ವಾಪಸ್ ಹಾಕವ್ವ, ತವರು ಬರಿದಾಗಬಾರ್ದು" ಅನ್ನುತ್ತಿದ್ದಳು. ತುಂಬಿಸಿಕೊಂಡ ಮಗಳು ಒಂದು ಹಿಡಿ ತವರಿಗೆ ಬಿಟ್ಟು ಉಳಿದದ್ದನ್ನು ಕಟ್ಟಿಕೊಂಡು ಹೋಗುವುದು ಆ ಹಟ್ಟಿಯ ಪದ್ಧತಿ. ಅತ್ತಿಗೆಯ ಮನಸ್ಸು ಕೊನೆಗೂ ಕರಗಿತಲ್ಲ ಅಂತ ಕಾಟಮ್ಮ ಸೆರಗು ಒಡ್ಡಿ ಕೂತಳು. ಬರಗೇರಮ್ಮ ಅರಿಶಿನ ಕುಂಕುಮ ಕೊಟ್ಟು, ಬೊಗಸೆ ಬೊಗಸೆ ಅಕ್ಕಿ ಹುಯ್ದಳು. ಅಕ್ಕಪಕ್ಕದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಇದು ಹೊಸದಲ್ಲ. ಆ ಜಗಲಿಯಲ್ಲಿ ಇಂಥ ಮಡಿಲು ಎಷ್ಟೋ ತುಂಬಿವೆ.

ಒಂದು ಹಿಡಿ ವಾಪಸ್ ಹಾಕುವಷ್ಟರಲ್ಲಿ ಒಳಗಿನಿಂದ ಪಾಲಣ್ಣನ ಹೆಸರು ಕೂಗಿದರು. ಕಾಟಮ್ಮ ಮಡಿಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

ಒಳಗೆ ಒಂದು ಕ್ಯಾಮೆರಾ, ಹೆಬ್ಬೆಟ್ಟು ಒತ್ತುವ ಸಣ್ಣ ಯಂತ್ರ. ಗುಮಾಸ್ತ ಇಲ್ಲಿ ನೋಡಮ್ಮ ಅಂದ, ನೋಡಿದಳು. ಬೆರಳು ಇಡಮ್ಮ ಅಂದ. ಕಾಟಮ್ಮ ಬೆರಳು ಚಾಚಿದಾಗ ಮೇಜಿನ ಹಿಂದಿದ್ದ ಅಧಿಕಾರಿ ತಲೆ ಎತ್ತದೆ, ದಿನವೂ ಕೇಳಿ ಕೇಳಿ ಸವೆದ ದನಿಯಲ್ಲಿ ಕೇಳಿದ:

"ತಂದೆ ಆಸ್ತಿಯಲ್ಲಿ ನಿಮ್ಮ ಪಾಲಿನ ಹಕ್ಕನ್ನ ಅಣ್ಣನಿಗೆ ಬಿಟ್ಟುಕೊಡ್ತಾ ಇದೀರ. ಒಪ್ಪಿಗೆ ತಾನೇ?"

ಕಾಟಮ್ಮ ಬೆರಳು ಹಿಂದಕ್ಕೆ ತೆಗೆದುಕೊಂಡಳು. ನಲವತ್ತು ವರ್ಷ ಯಾರ ಬಾಯಲ್ಲೂ ಕೇಳದ ಮಾತನ್ನು ಒಂದೇ ದಿನ ಇಬ್ಬರ ಬಾಯಲ್ಲಿ ಕೇಳಿದ್ದಳು. ಬೆಳಿಗ್ಗೆ ಒಬ್ಬ, ನಿನಗೆ ಪಾಲು ಇದೆ, ಅದಕ್ಕೇ ಗಂಡನಿಂದ ಏನೂ ಸಿಗುವುದಿಲ್ಲ ಅಂದ. ಮಧ್ಯಾಹ್ನ ಇನ್ನೊಬ್ಬ, ಆ ಪಾಲನ್ನೂ ಬಿಟ್ಟೆ ಅಂತ ಬೆರಳು ಒತ್ತು ಅನ್ನುತ್ತಿದ್ದಾನೆ. ಸೊಂಟದಲ್ಲಿದ್ದ ಅಕ್ಕಿ ಕಲ್ಲಿನ ಹಾಗೆ ಭಾರವಾಯಿತು.

"ಇಲ್ಲ ಸ್ವಾಮಿ. ಒಪ್ಪಿಗೆ ಇಲ್ಲ."

ಗುಮಾಸ್ತ ಪಾಲಣ್ಣನ ಮುಖ ನೋಡಿದ. ಅಧಿಕಾರಿ ಆಗ ತಲೆ ಎತ್ತಿ, ಹಿಂದೆ ಜನ ಕಾಯ್ತಿದಾರೆ, ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ ಅಂದ.

ಪಾಲಣ್ಣ ದಡದಡ ಜಗಲಿಗೆ ಬಂದ. ಸಿಟ್ಟೋ ನಾಚಿಕೆಯೋ ಅವನಿಗೇ ತಿಳಿದಿರಲಾರದು. ಯಾವನು ನಿನ್ನ ಕಿವಿ ಊದಿದವನು ಅಂತ ಕೇಳಿದ. ನನ್ನ ಗಂಡನ ವಕೀಲ ಅಂದಳು ಕಾಟಮ್ಮ. ಮನೆ ಹಾಳು ಮಾಡಿದವನ ಮಾತು ಕಟ್ಟಿಕೊಂಡು ತವರಿನ ಮೇಲೆ ತಿರುಗಿ ಬೀಳ್ತೀಯಾ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗೊತ್ತಿದ್ದೂ ನಿನ್ನ ಆರು ವರ್ಷ ಸಾಕಲಿಲ್ಲವಾ ಅಂತ ಅವನು ಒಂದೊಂದಾಗಿ ಎಲ್ಲ ಎತ್ತಿ ಆಡಿದ. ಆರು ವರ್ಷ ಅವಳು ಅವನ ಕುರಿಯ ಹಿಂದೆ ಗುಡ್ಡ ಸುತ್ತಿದ್ದು, ಅವನ ಶೇಂಗಾ ಬಿಡಿಸಿದ್ದು, ಅವನ ಮನೆಯ ಕಸ ಮುಸುರೆ ಮಾಡಿದ್ದು ಆ ಲೆಕ್ಕದಲ್ಲಿ ಬರಲೇ ಇಲ್ಲ. ಬರುವುದೂ ಇಲ್ಲ ಬಿಡಿ, ಇಂಥ ಲೆಕ್ಕ ಬರೆಯುವವರು ಯಾವತ್ತೂ ಗಂಡಸರೇ.

"ಗಂಡನ ಮ್ಯಾಲೆ ಕೇಸು ಹಾಕಿದೀಯಲ್ಲ, ಇವತ್ತಲ್ಲ ನಾಳೆ ಅಲ್ಲಿ ಬತ್ತೈತೆ. ನಿಂಗೆ ಇದ್ಯಾಕೆ ಬೇಕು?" ಅಂದ ಕೊನೆಗೆ.

"ಅಲ್ಲಿ ಅವ್ರು, ನಿಂದು ನಿಮ್ಮಣ್ಣನತ್ರ ಐತೆ ಹೋಗು ಅಂತಾರೆ. ಇಲ್ಲಿ ನೀನು, ನಿಂದು ನಿನ್ ಗಂಡನತ್ರ ಐತೆ ಹೋಗು ಅಂತೀಯ. ನನ್ನತ್ರ ಏನೈತೆ, ಅದ್ನ ಹೇಳಣ್ಣ."

ಉತ್ತರ ಕೊಟ್ಟವಳು ಬರಗೇರಮ್ಮ.

"ಸೈನು ಹಾಕ್ದಿದ್ರೆ ನಮ್ ಬಾಗ್ಲಿಗೆ ಬರಬ್ಯಾಡ. ಮಡ್ಲು ತುಂಬಿಸ್ಕಂಡು ಇಲ್ಲ ಅಂದೋಳ್ನ ನಾನು ಎಲ್ಲೂ ಕಂಡಿಲ್ಲ."

ಕಾಟಮ್ಮ ಅಣ್ಣನ ಮುಖ ನೋಡಿದಳು. ಹಂಗನ್ನಬ್ಯಾಡ ಕಣೇ ಅಂತ ಅವನು ಒಂದು ಮಾತು ಹೆಂಡತಿಗೆ ಹೇಳಿದ್ದರೆ ಸಾಕಿತ್ತು, ಏನೋ ಬೇರೆ ಆಗುತ್ತಿತ್ತೋ ಏನೋ. ಅವನು ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತ ನಿಂತ.

ಅವಳು ಅಲ್ಲೇ ಜಗಲಿಯ ಮೇಲೆ, ಅತ್ತಿಗೆಯ ಎದುರು ಮಂಡಿಯೂರಿ ಕೂತಳು. ಸೀರೆ, ಕಣ, ಕಾಯಿ, ಬೆಲ್ಲ ಎಲ್ಲವನ್ನೂ ಒಂದೊಂದಾಗಿ ಕೈಚೀಲಕ್ಕೆ ಇಟ್ಟಳು. ಸೊಂಟದ ಸೆರಗು ಬಿಚ್ಚಿ, ಅಕ್ಕಿಯನ್ನು ಬರಗೇರಮ್ಮನ ಸೆರಗಿಗೆ ಸುರಿದಳು. ಬರಗೇರಮ್ಮ ಬೇಡವೆನ್ನುವಂತೆ ಹಿಂದೆ ಸರಿದರೂ ಅಕ್ಕಿ ನೆಲಕ್ಕೆ ಬೀಳಬಾರದಲ್ಲ, ಅವಳ ಕೈ ತಾನಾಗಿಯೇ ಸೆರಗು ಒಡ್ಡಿತು. ಕಡೆಯ ಒಂದು ಹಿಡಿ ಉಳಿದಾಗ ಕಾಟಮ್ಮ ಕೈ ನಿಲ್ಲಿಸಿದಳು.

"ಇದು ನಂದು" ಅಂದಳು. ಆ ಹಿಡಿ ಅಕ್ಕಿಯನ್ನು ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡು ಎದ್ದು ಹೋದಳು.

ಧರ್ಮಪುರದ ಬಸ್ಸು ಹೊರಡುವುದಕ್ಕೆ ತಡವಿತ್ತು. ನಿಲ್ದಾಣದ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣ ತೆಗೆದುಕೊಂಡಳು. ಪಾಲಣ್ಣನೂ ಬರಗೇರಮ್ಮನೂ ಅದೇ ಬಸ್ಸು ಹತ್ತಿ ಮುಂದೆ ಕೂತರು, ಕಾಟಮ್ಮ ಹಿಂದೆ ಕೂತಳು. ಪಾಲಣ್ಣ ಒಂದು ಸಲ ತಿರುಗಿ ನೋಡಿ, ಕಂಡಕ್ಟರಿಗೆ ಮೂರು ಟಿಕೆಟ್ಟು ಅಂದ. ಕಾಟಮ್ಮ ಹಿಂದಿನಿಂದಲೇ, ನಂದು ಬ್ಯಾರೆ ಅಂದಳು.

ಹಟ್ಟಿಯ ತಿರುವಿನಲ್ಲಿ ಮೂವರೂ ಇಳಿದರು. ಇಬ್ಬರು ಹಟ್ಟಿಯ ದಾರಿ ಹಿಡಿದರು. ಕಾಟಮ್ಮ ಬೇಲಿಯ ಕಂಡಿ ದಾಟಿ ಅಪ್ಪನ ಹೊಲಕ್ಕೆ ಇಳಿದಳು. ಶೇಂಗಾ ಕಿತ್ತು ಖಾಲಿಯಾದ ನೆಲ ಕಾಲಿಗೆ ಮೆತ್ತಗಿತ್ತು. ನಡುವೆ ಅಪ್ಪ ಕುರಿ ಬಿಟ್ಟುಕೊಂಡು ಕೂರುತ್ತಿದ್ದ ಹುಣಸೆ ಮರ. ಅದರ ಬುಡದಲ್ಲಿ ಮೂರು ಕಲ್ಲು ಹುಡುಕಿ ಜೋಡಿಸಿದಳು, ಬಿದ್ದ ಕಡ್ಡಿ ಆರಿಸಿದಳು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿದ್ದ ಸ್ಟೀಲಿನ ಡಬ್ಬಿಯನ್ನು ಪಕ್ಕದ ಹೊಲದ ಬೋರಿನ ತೊಟ್ಟಿಯಲ್ಲಿ ತೊಳೆದು, ಅರ್ಧ ನೀರು ತಂದಳು. ಗಂಟು ಬಿಚ್ಚಿ ಅಕ್ಕಿ ಹಾಕಿದಳು. ಚುಂಗಿಗೆ ಅಂಟಿದ್ದ ಎರಡು ಕಾಳನ್ನೂ ಬಿಡಿಸಿ ಹಾಕಿದಳು.

ಹೊತ್ತು ಮುಳುಗುತ್ತಿತ್ತು. ಹೊಗೆ ನೆಟ್ಟಗೆ ಎದ್ದು ಹಟ್ಟಿಯ ಕಡೆ ವಾಲಿತು. ಸ್ವಲ್ಪ ಹೊತ್ತಿಗೆ ಅಲ್ಲಿ ಮನೆ ಮುಂದೆ ಜನ ನಿಂತು ಇತ್ತ ನೋಡುವುದು ಕಂಡಿತು. ಒಬ್ಬರು ಬೇಲಿಯವರೆಗೂ ಬಂದು ನಿಂತರು, ನಡಿಗೆ ಪಾಲಣ್ಣನದೇ. ಅವನು ಕಂಡಿ ದಾಟಲಿಲ್ಲ, ತಿರುಗಿ ಹೋಗಲೂ ಇಲ್ಲ.

ಕಾಟಮ್ಮ ಬೆಂಕಿಗೆ ಇನ್ನೊಂದು ಕಡ್ಡಿ ಇಟ್ಟಳು. ಸೆರಗಿನಿಂದ ಮುಚ್ಚಳ ಹಿಡಿದೆತ್ತಿ, ಒಂದು ಅಗುಳು ತೆಗೆದು ಬೆರಳಲ್ಲಿ ಹಿಚುಕಿ ನೋಡಿದಳು. ಇನ್ನೂ ಬೆಂದಿರಲಿಲ್ಲ.